ಎದೆಗೆ ಕಟ್ಟುವ ಬಟ್ಟೆ

"ಅಂಗಿ ಬಿಚ್ಚಿ," ಎಂದಳು ನರ್ಸ್ ಮಿರೆಯಾ.

ರೊಸಾಲ್ಬಾಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೊಗೊಟಾದ ಈ ಕೊರೆಯುವ ಚಳಿಯಲ್ಲಿ, ಮೊಮ್ಮಗಳನ್ನು ಮನೆಗೆ ಕರೆದೊಯ್ಯಲು ಬಂದ ಅಜ್ಜಿಯೊಬ್ಬಳನ್ನು ಆಸ್ಪತ್ರೆಯ ಕೋಣೆಯ ನಡುವೆ ನಿಲ್ಲಿಸಿಕೊಂಡು ಯಾರಾದರೂ ಹೀಗೆ ಹೇಳುತ್ತಾರೆಯೇ?

"ಯಾರ ಅಂಗಿ?"

"ನನ್ನದಂತೂ ಅಲ್ಲ, ದೊನ್ಯಾ ರೊಸಾಲ್ಬಾ. ನಿಮ್ದೇ. ಒಳಗಿರೋದೂ ತೆಗೀಬೇಕು. ಕೂಸು ಬರೀ ಮೈಗೆ ಅಂಟ್ಕೊಂಡಿರಬೇಕು, ಬಟ್ಟೆ ಅದರ ಮೇಲೆ."

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಎದೆಗೆ ಕಟ್ಟಿಕೊಂಡು ಓಡಾಡುವುದು ಈ ಊರಿನಲ್ಲಿ ಹೊಸದೇನಲ್ಲ. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಉಣ್ಣೆಯ ರುವಾನಾ ಹೊದ್ದ ತಾಯಂದಿರ ಕತ್ತಿನ ಬಳಿ ಪುಟ್ಟ ಟೋಪಿಯೊಂದು ಇಣುಕುವುದನ್ನು ರೊಸಾಲ್ಬಾ ಕೂಡ ಎಷ್ಟೋ ಸಲ ಕಂಡು ಶಿಲುಬೆಯ ಗುರುತು ಮಾಡಿಕೊಂಡಿದ್ದಳು. ಆದರೆ ಆ ಹೊದಿಕೆಯ ಒಳಗೇನಿದೆ ಎಂದು ಬಗ್ಗಿ ನೋಡಿದವರು ಯಾರು? ಅಂಗಿ ಹಾಕಿ, ಅದರ ಮೇಲೆ ಕೂಸನ್ನಿಟ್ಟು, ಮೇಲೊಂದು ಬಟ್ಟೆ ಬಿಗಿಯುತ್ತಾರೆ ಎಂದೇ ಅವಳ ಲೆಕ್ಕ. ಆ ಲೆಕ್ಕದ ಮೇಲೆಯೇ ಅವಳು ಧೈರ್ಯ ಮಾಡಿ ಬಂದದ್ದು.

ಬರದೆ ಗತಿಯೂ ಇರಲಿಲ್ಲ. ಮಗಳು ಮಾರ್ಯೂರಿ ಕೂಸನ್ನು ಎದೆಗೆ ಕಟ್ಟಿಕೊಳ್ಳಲು ಕಲಿತು ಮನೆಗೆ ಹೊರಡಬೇಕೆನ್ನುವಷ್ಟರಲ್ಲಿ ಹೆರಿಗೆಯ ಹೊಲಿಗೆ ಕೀವಾಗಿ, ಜ್ವರ ಏರಿ, ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಅಳಿಯ ಎದ್ವಿನ್ ಲಾರಿಯೊಡನೆ ಘಟ್ಟದಲ್ಲಿ ಸಿಕ್ಕಿಕೊಂಡಿದ್ದ. ಗುಡ್ಡ ಜರಿದು ರಸ್ತೆ ಬಂದಾಗಿತ್ತು. ಯಾರದಾದರೂ ಎದೆ ಸಿಕ್ಕರೆ ಕೂಸಿಗೆ ಮನೆ, ಇಲ್ಲದಿದ್ದರೆ ಮತ್ತೆ ಕೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆಯ ಆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿದ್ದಷ್ಟು ದಿನ ಕೂಸು ಇಳಿದೇ ಹೋಗಿತ್ತು, ತಾಯಿಯ ಎದೆಗೆ ಬಂದ ಮೇಲೆ ತುಸು ತುಂಬಿಕೊಂಡಿತ್ತು.

ಹಾಗಾಗಿ ರೊಸಾಲ್ಬಾ ಕೂಸನ್ನು ಕಟ್ಟಿಕೊಳ್ಳಲು ತಾನೇ ಒಂದು ಪಟ್ಟಿ ಹೊಲಿದು ತಂದಿದ್ದಳು. ಹೊಲಿಗೆ ಅವಳ ಕಸುಬು. ಬಾಣಂತಿಯರ ಹೊಟ್ಟೆ, ಶ್ರೀಮಂತರ ಸೊಂಟ, ಮದುವೆ ಹೆಣ್ಣಿನ ನಡು, ಎಲ್ಲವನ್ನೂ ಅದುಮಿ ಒಳಗೆ ತಳ್ಳುವ ಪಟ್ಟಿಗಳನ್ನು ಅವಳಷ್ಟು ಗಟ್ಟಿಯಾಗಿ ಹೊಲಿಯುವವರು ಆ ಬಡಾವಣೆಯಲ್ಲಿ ಇಲ್ಲ. ಕೂಸಿನ ಪಟ್ಟಿಯನ್ನೂ ಅದೇ ಬಟ್ಟೆಯಲ್ಲಿ, ಎರಡು ಪದರ ಕೊಟ್ಟು, ಸಾಲು ಕೊಕ್ಕೆ ಇಟ್ಟು, ಕತ್ತಿನವರೆಗೆ ಏರಿಸಿ ಹೊಲಿದಿದ್ದಳು.

ಮಿರೆಯಾ ಅದನ್ನು ಕೈಗೆತ್ತಿಕೊಂಡು ಎಳೆದಳು. ಅದು ಜಪ್ಪಯ್ಯ ಎನ್ನಲಿಲ್ಲ.

"ಇದ್ರಲ್ಲಿ ಕೂಸನ್ನ ಹೊರ್ತೀರೋ, ಹಿಂಡ್ತೀರೋ?"

"ಗಟ್ಟಿ ಇರ್ಲಿ ಅಂತ..."

"ಅದು ಉಸಿರಾಡೋ ಕೂಸು ದೊನ್ಯಾ, ಬಾಣಂತಿ ಹೊಟ್ಟೆ ಅಲ್ಲ. ಇಲ್ಲಿ ನೋಡಿ."

ಮೇಜಿನ ಮೇಲೆ ಎರಡು ಬಟ್ಟೆಗಳಿದ್ದವು. ಎರಡೂ ಹಿಗ್ಗುವಂಥವು, ಎರಡೂ ತೆಳ್ಳಗೆ. ಮಿರೆಯಾ ಟವೆಲ್ಲಿನಲ್ಲಿ ಬೆಲ್ಲದ ಅಚ್ಚುಗಳನ್ನು ಸುತ್ತಿ, ಕೂಸಿನ ತೂಕದ ಗಂಟು ಮಾಡಿ, ಮೊದಲನೆಯ ಬಟ್ಟೆಯಿಂದ ರೊಸಾಲ್ಬಾಳ ರುವಾನಾ ಸರಿಸಿ ಅಂಗಿಯ ಮೇಲೆಯೇ ಕಟ್ಟಿದಳು. "ನಡೀರಿ. ಬಗ್ಗಿ. ಕೂತು ಏಳಿ."

ರೊಸಾಲ್ಬಾ ನಡೆದಳು, ಬಗ್ಗಿದಳು, ಕೂತಳು. ಎದ್ದು ನೋಡಿಕೊಂಡರೆ ಎದೆಯ ಮೇಲಿದ್ದ ಗಂಟು ಹೊಕ್ಕುಳಿಗೆ ಬಂದು ಮುದುಡಿ ಕೂತಿತ್ತು.

"ಅಯ್ಯೋ ನನ್ನಮ್ಮಾ! ಇದು ಕೂಸಾಗಿದ್ರೆ?"

"ಗದ್ದ ತನ್ನೆದೆಗೇ ಒತ್ಕೊಂಡು ಉಸಿರು ಕಟ್ಟೋದು. ಸದ್ದೂ ಬರಲ್ಲ. ಈ ಬಟ್ಟೆ ಹಿಗ್ಗುತ್ತೆ, ವಾಪಸ್ ಬರಲ್ಲ. ಬಜಾರಲ್ಲಿ ಇಂಥದ್ದೇ ಜಾಸ್ತಿ ಮಾರೋದು. ಈಗ ಇದನ್ನ ಎಳೀರಿ."

ಎರಡನೆಯದನ್ನು ರೊಸಾಲ್ಬಾ ಉದ್ದಕ್ಕೂ ಅಡ್ಡಕ್ಕೂ ಎಳೆದು ಬಿಟ್ಟಳು. ಅದು ಎಳೆದಷ್ಟೂ ಬಂತು, ಬಿಟ್ಟೊಡನೆ ತನ್ನ ಅಳತೆಗೆ ಮರಳಿತು. ಗಂಟು ಕಟ್ಟಿಕೊಂಡು ಎಷ್ಟು ಕುಣಿದರೂ ಬೆಲ್ಲ ಇದ್ದಲ್ಲೇ ಇತ್ತು. ಇಷ್ಟು ವರ್ಷ ಬಟ್ಟೆಯೊಡನೆ ಬಾಳಿದವಳಿಗೆ ಬಟ್ಟೆಯ ಈ ಗುಣವನ್ನು ಬೇರೊಬ್ಬರು ತೋರಿಸಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

"ಇದೇ ಆಗ್ಲಿ," ಎಂದಳು. "ಆದ್ರೆ ಅಂಗಿ ಇರ್ಲಿ."

"ಆಗಲ್ಲ."

"ತೆಳ್ಳಂದು ಹಾಕ್ಕೋತೀನಿ."

"ದೊನ್ಯಾ ರೊಸಾಲ್ಬಾ, ಬಿಸಿ ಕೊಡೋದು ಬಟ್ಟೆ ಅಲ್ಲ, ಮೈ. ಇಲ್ಲಿ ಗಂಡಸರೇ ಅಂಗಿ ಬಿಚ್ಚಿ ಕೂತ್ಕೊತಾರೆ. ಮೊನ್ನೆ ಒಬ್ಬ ಪೊಲೀಸ್‌ನೋನು ಹೊಟ್ಟೆ ಬಿಟ್ಕೊಂಡು ಕೂತಿದ್ದ. ನಿಮಗ್ಯಾಕೆ ನಾಚಿಕೆ?"

ನಾಚಿಕೆಯಲ್ಲ, ಮಾರಾಯ್ತಿ! ಎಂದು ಕಿರುಚಬೇಕೆನಿಸಿತು ರೊಸಾಲ್ಬಾಗೆ. ಅವಳ ಎಡ ಮೊಲೆ ಇರಲಿಲ್ಲ. ಮಾರ್ಯೂರಿ ಇನ್ನೂ ಶಾಲೆಗೆ ಹೋಗುವಾಗಲೇ ಗಡ್ಡೆಯ ಜೊತೆ ಅದನ್ನೂ ಕತ್ತರಿಸಿ ತೆಗೆದಿದ್ದರು. ತಂದೆಯನ್ನು ಆಗಷ್ಟೇ ಕಳೆದುಕೊಂಡ ಹುಡುಗಿ, ತಾಯಿಯೂ ಸಾಯುತ್ತಾಳೆಂದು ಹೆದರಬಾರದೆಂದು, ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ ಎಂದು ಸುಳ್ಳು ಹೇಳಿದ್ದಳು. ಆಮೇಲೆ ಆ ಸುಳ್ಳಿಗೇ ಅಂಟಿಕೊಂಡಳು. ಮೈಯ ಅಂದ ತಿದ್ದುವ ಪಟ್ಟಿ ಮಾರುವವಳ ಮೈಯೇ ಹೀಗಿದೆಯೆಂದರೆ ಗಿರಾಕಿಗಳು ಬರುತ್ತಾರೆಯೇ? ತಾನೇ ಒಳಕುಪ್ಪಸ ಹೊಲಿದು, ಎಡಗಡೆ ಚೀಲವಿಟ್ಟು, ಅದಕ್ಕೆ ಹಕ್ಕಿಗೆ ಹಾಕುವ ಕಾಳು ತುಂಬಿಕೊಂಡಳು. ಹತ್ತಿ ತುಂಬಿದರೆ ತೂಕ ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ಗುಬ್ಬಿಯೂ ಇಲ್ಲ, ಕಾಳು ಯಾಕಮ್ಮಾ ಎಂದು ಮಾರ್ಯೂರಿ ಕೇಳಿದರೆ, ಅಂಗಳದ ಪಾರಿವಾಳಕ್ಕೆ ಕಣೇ, ಎನ್ನುತ್ತಿದ್ದಳು.

ಈಗ ಈ ತೆಳು ಬಟ್ಟೆ ಸುತ್ತಿಕೊಂಡರೆ, ಎಡಗಡೆಯ ಬಯಲು ಕುರುಡರಿಗೂ ಕಾಣುತ್ತದೆ.

"ಹಾಗಾದ್ರೆ ಪೆಟ್ಟಿಗೇಲೇ ಇಡಿ," ಎಂದಿತು ಅವಳ ಬಾಯಿ.

ಮಿರೆಯಾ ಬೆಲ್ಲದ ಗಂಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಅವಳು ನೋಡುತ್ತಿದ್ದದ್ದು ರೊಸಾಲ್ಬಾಳನ್ನಲ್ಲ, ಬಾಗಿಲನ್ನು. ಗಾಲಿಕುರ್ಚಿಯಲ್ಲಿ, ಕೈಗೆ ಚುಚ್ಚಿದ ಸಲೈನಿನ ಕೊಳವೆಯೊಡನೆ ಮಾರ್ಯೂರಿ ಬಂದಿದ್ದಳು. ಜ್ವರದಿಂದ ಮುಖ ಕೆಂಡವಾಗಿತ್ತು.

"ಏನಂದೆ ಅಮ್ಮಾ?"

"ನೀನ್ಯಾಕೆ ಎದ್ದು ಬಂದೆ, ಮೈ ಸುಡ್ತಿರುವಾಗ..."

"ಪೆಟ್ಟಿಗೇಲಿ ಇಡಿ ಅಂದ್ಯಾ? ನನ್ ಮಗೂನ?" ಮಾರ್ಯೂರಿಯ ದನಿ ಒಡೆಯಿತು. "ನಿನ್ ಮೈ ಮುಟ್ಟಿದ್ರೆ ಸವೆದು ಹೋಗುತ್ತಾ? ನನ್ನೂ ಹಂಗೇ ಅಲ್ವಾ ಮಾಡಿದ್ದು? ಚಿಕ್ಕೋಳಿದ್ದಾಗ ತಬ್ಕೋಳಕ್ ಬಂದ್ರೆ ಭುಜ ಅಡ್ಡ ಕೊಡ್ತಿದ್ದೆ. ನಾನೇನ್ ಪಾಪ ಮಾಡಿದ್ದೆ ಅಂತ ದಿಂಬಿಗೆ ಮುಖ ಕೊಟ್ಟು ಅಳ್ತಿದ್ದೆ. ಈಗ ಇವಳಿಗೂ ಅದೇನಾ?"

ಕೆನ್ನೆಗೆ ಬಾರಿಸಿದ್ದರೂ ರೊಸಾಲ್ಬಾಗೆ ಇಷ್ಟು ನೋಯುತ್ತಿರಲಿಲ್ಲ. ಭುಜ ಅಡ್ಡ ಕೊಟ್ಟದ್ದು ನಿಜ, ಕಾಳಿನ ಚೀಲ ಮಗುವಿನ ಕೆನ್ನೆಗೆ ತಗುಲೀತೆಂದು. ಅದನ್ನು ಆ ಪುಟ್ಟ ಹುಡುಗಿ ಹೀಗೆ ಓದಿಕೊಂಡಿದ್ದಳೇ! ಇಷ್ಟೂ ವರ್ಷ?

ಅವಳು ರುವಾನಾ ತೆಗೆದು ಕುರ್ಚಿಗೆ ಹಾಕಿದಳು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಒಳಕುಪ್ಪಸ ಕಳಚಿ ಉಕ್ಕಿನ ಮೇಜಿನ ಮೇಲಿಟ್ಟಳು. ಅದು ಸರ್ರೆಂದು ಸದ್ದು ಮಾಡುತ್ತ ಒಂದು ಕಡೆಗೆ ವಾಲಿತು. ಸವೆದ ಹೊಲಿಗೆಯಿಂದ ನಾಲ್ಕು ಕಾಳು ಹೊರಬಿದ್ದು ನೆಲದ ಮೇಲೆ ಉರುಳಿದವು.

ಮಾರ್ಯೂರಿ ಕಾಳುಗಳನ್ನು ನೋಡಿದಳು. ಆಮೇಲೆ ತಾಯಿಯ ಎದೆ ನೋಡಿದಳು. ಬಲಗಡೆ ಜೋತ ಮೊಲೆ, ಎಡಗಡೆ ಕಂಕುಳದವರೆಗೆ ಹರಿದ ಬಿಳಿಚು ಗಾಯದ ಗೆರೆ.

"ಪಾರಿವಾಳಕ್ಕೆ ಅಂತಿದ್ಯಲ್ಲಮ್ಮಾ," ಎಂದಳು, ಉಸಿರಿನಲ್ಲೇ.

"ಕೊಡ್ರಮ್ಮಾ ಕೂಸನ್ನ," ಎಂದಳು ರೊಸಾಲ್ಬಾ ಮಿರೆಯಾಗೆ. "ನಂಗೆ ಚಳಿ."

ಮಿರೆಯಾ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟರೆ ಬತ್ತಲಾಗಿದ್ದ ಕೂಸನ್ನು ತಂದು ನಡು ಎದೆಯಲ್ಲಿ ನೆಟ್ಟಗೆ ನಿಲ್ಲಿಸಿ, ಕಾಲುಗಳನ್ನು ಕಪ್ಪೆಯಂತೆ ಮಡಿಸಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿದಳು. ಹಿಗ್ಗುವ ಬಟ್ಟೆಯನ್ನು ಕೂಸಿನ ಕಿವಿಯ ಕೆಳಗಿನವರೆಗೆ ಎಳೆದು ಕಟ್ಟಿದಳು. ಆ ಬಟ್ಟೆ ರೊಸಾಲ್ಬಾ ಉಸಿರೆಳೆದಾಗ ಹಿಗ್ಗಿತು, ಬಿಟ್ಟಾಗ ಕುಗ್ಗಿತು.

ಎಡಗಡೆ ತಡೆಯಲು ಏನೂ ಇಲ್ಲದ್ದರಿಂದ ಕೂಸು ಮೆಲ್ಲಗೆ ಅತ್ತಲೇ ಒರಗಿ, ಎದೆಬಡಿತದ ಮೇಲೆ ಕಿವಿಯಿಟ್ಟಿತು. ಮಿರೆಯಾ ಬಗ್ಗಿ ಮೂಗು, ಗದ್ದ ನೋಡಿ, "ಇರ್ಲಿ, ಚೆನ್ನಾಗೇ ಕೂತಿದಾಳೆ," ಎಂದಳು. ಗಾಯದ ಜಾಗ ಮರಗಟ್ಟಿದ್ದರಿಂದ ರೊಸಾಲ್ಬಾಗೆ ಅಲ್ಲಿ ಏನೂ ತಿಳಿಯುತ್ತಿರಲಿಲ್ಲ. ಕೂಸು ಇದೆಯೋ ಇಲ್ಲವೋ ಎಂದು ಗಾಬರಿಯಾಗಿ ತಲೆ ಬಗ್ಗಿಸಿದಳು. ಆಗ, ಮೈಗೆ ಮತ್ತೆ ಜೀವ ಬರುವ ಗೆರೆಯಾಚೆ, ಒದ್ದೆಯಾದ, ಬೆಚ್ಚಗಿನ ಏನೋ ತಾಕಿತು. ಕೂಸಿನ ಬಾಯಿ. ತೆರೆದು, ಮುಚ್ಚಿ, ಮತ್ತೆ ತೆರೆದು, ಆ ಬಯಲಿನಲ್ಲಿ ಹಾಲು ಹುಡುಕುತ್ತಿತ್ತು.

ರೊಸಾಲ್ಬಾ ಬೆಚ್ಚಿಬಿದ್ದಳು. ವೈದ್ಯರ ಕೈ ಬಿಟ್ಟರೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ, ಅವಳೂ ಸೋಪು ಹಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಅಲ್ಲೇನಿಲ್ಲ ಕಣೇ, ಪುಟ್ಟೀ," ಎಂದಳು. "ಅಲ್ಲೇನೂ ಇಲ್ಲ."

ಕೂಸು ನಂಬಲಿಲ್ಲ. ಹುಡುಕುತ್ತಲೇ ಇತ್ತು.

ಮಾರ್ಯೂರಿ ಗಾಲಿಕುರ್ಚಿಯ ಚಕ್ರ ಉರುಳಿಸಿಕೊಂಡು ಹತ್ತಿರ ಬಂದಳು. ಸುಡುವ ಕೆನ್ನೆಯನ್ನು ಕೂಸಿನ ಬೆನ್ನ ಮೇಲಿದ್ದ ಬಟ್ಟೆಗೆ ಆನಿಸಿ, ಒಂದೇ ಕೈಯಿಂದ ತಾಯಿಯ ಸೊಂಟ ಬಳಸಿದಳು. ರೊಸಾಲ್ಬಾಳ ಭುಜ ಹಳೆಯ ಅಭ್ಯಾಸದಂತೆ ಅಡ್ಡ ಬರಲು ಹೊರಟು, ಅರ್ಧಕ್ಕೇ ನಿಂತು, ಕೆಳಗಿಳಿಯಿತು. ಮಿರೆಯಾ ನೆಲದ ಮೇಲೆ ಬಿದ್ದಿದ್ದ ಕಾಳುಗಳನ್ನು ಆರಿಸಿ ಮೇಜಿನ ಮೇಲಿಟ್ಟಳು.