ನೀಲಿ ಅಂಚಿನ ಎಂಟು ಫೋಟೋ

ಭಾನುವಾರ ಸಂಜೆ ನಮ್ಮ ಮನೆಯ ಟೀವಿ ನನ್ನ ವಶ. ಮೊಬೈಲಿಗೆ ಚಿಮಟಾ ಹಾಗೆ ಸಿಕ್ಕಿಸುವ ಒಂದು ಪುಟ್ಟ ಲೆನ್ಸ್ ತಂದಾಗಿನಿಂದ, ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಮೂಗು ತಾಗುವಷ್ಟು ಹತ್ತಿರ ಹೋಗಿ ಫೋಟೋ ತೆಗೆಯುತ್ತೇನೆ. ಆಮೇಲೆ ಟೀವಿಯಲ್ಲಿ ಹಾಕಿ, ಜೇವರ್ಗಿ ಕಾಲೋನಿಯ ನಮ್ಮ ಮನೆಮಂದಿಯನ್ನು ಕೂಡಿಸಿ, ಇದೇನು ಹೇಳಿ ಎಂದು ಕಾಡುತ್ತೇನೆ.

ಆ ಸಂಜೆ ಪರದೆಯ ತುಂಬ ಒಂದು ಹಸಿರು ಗುಡ್ಡವಿತ್ತು. ಗುಡ್ಡದ ಮೈಮೇಲೆ ಬೆಳ್ಳನೆಯ ಕಾಲುಹಾದಿಗಳು, ತುದಿಯಲ್ಲಿ ಮಂಜು.

"ತಪ್ಪು ಹೇಳಿದವ್ರು ಭಾಂಡಿ ತಿಕ್ಕಬೇಕು" ಎಂದೆ, ದನಿಯನ್ನು ಗಂಟಲಿನ ತಳಕ್ಕೆ ಇಳಿಸಿ. "ಈ ಪ್ರಬುದ್ಧ ಒಮ್ಮೆ ಹೇಳಿದ ಅಂದ್ರ, ಗಾಳಿನೂ ನಿಂತು ಕೇಳ್ತದ!"

"ಗಾಳಿಗೆ ಬ್ಯಾರೆ ಕೆಲಸ ಇಲ್ಲೇನಲೇ?" ಎಂದಳು ಅಕ್ಕ ಸಪ್ನಾ.

ಅಪ್ಪ ಕನ್ನಡಕ ಏರಿಸಿ, ಇಳಿಸಿ, "ಊಟಿ" ಎಂದ. ಅದು ಸಪ್ನಾ ನಾಲ್ಕನೇ ಇಯತ್ತೆಯಲ್ಲಿ ಕ್ರೇಯಾನಿನಿಂದ ಬರೆದ ಗಿಳಿಯ ಹೊಟ್ಟೆ. ಅಪ್ಪನೇ ಅದಕ್ಕೆ ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗಿದ್ದ. ಹದಿನೆಂಟು ವರ್ಷ ದಿನವೂ ನೋಡಿದ ಗಿಳಿ. ಹತ್ತಿರ ಹೋದರೆ ಊಟಿ.

ಮೂಲೆಯ ಕುರ್ಚಿಯಲ್ಲಿ ಆಯಿ ಕುಳಿತಿದ್ದಳು. ಆಯಿ ಎಂದರೆ ಅಪ್ಪನ ತಾಯಿ, ಶೇವಂತಾ. ಕಮಲಾಪುರದಲ್ಲಿ ರಮಾಬಾಯಿ ಅತ್ತಿಯ ಜೊತೆ ಇರುವವಳು, ಕಣ್ಣು ತೋರಿಸಲು ನಮ್ಮಲ್ಲಿಗೆ ಬಂದು ಹದಿನೈದು ದಿನವಾಗಿತ್ತು. ನೋಟದ ನಡುಭಾಗ ಸವೆದು ಹೋಗಿದೆ, ಅಂಚು ಮಾತ್ರ ಉಳಿದಿದೆ ಎಂದು ಡಾಕ್ಟರು ಹೇಳಿದ್ದರು. ಯಾರ ಮುಖ ನೋಡಲು ಹೋದರೂ ಆ ಮುಖ ಕರಗಿ, ಕಿವಿಯೆರಡೇ ಗಾಳಿಯಲ್ಲಿ ನಿಲ್ಲುತ್ತವಂತೆ.

ನಾನು ಮುಂದಿನ ಫೋಟೋ ಹಾಕಿದೆ. ಪರದೆ ನೀಲಿಯಾಯಿತು. ಸಣ್ಣ ಸಣ್ಣ ನೀಲಿ ತುಣುಕುಗಳು, ಒಂದರ ಬೆನ್ನಿಗೆ ಒಂದು, ರಾತ್ರಿ ನಿದ್ದೆಯಲ್ಲಿ ಹರಿಯುವ ಹೊಳೆಯಂತೆ ಸದ್ದಿಲ್ಲದೆ ಸಾಲಾಗಿ ಹೊರಟಿದ್ದವು.

ಆಯಿ ಕತ್ತು ತಿರುಗಿಸಿ ಟೀವಿ ಪಕ್ಕದ ಕ್ಯಾಲೆಂಡರ್ ಕಡೆ ಮುಖ ಮಾಡಿದಳು. ಏನನ್ನಾದರೂ ನೋಡಬೇಕಾದರೆ ಅದರ ಪಕ್ಕಕ್ಕೆ ನೋಡಬೇಕು, ಅದು ಅವಳ ಹೊಸ ಲೆಕ್ಕ.

"ಪಬ್ಯಾ, ಇದು ನಿಮ್ಮ ಮುತ್ತ್ಯಾನ ಕುಂಚ."

ಅವಳು ಹೇಳಿದ್ದು ಸರಿಯಿತ್ತು. ಹಿಂದಿನ ತಿಂಗಳು ಕಮಲಾಪುರಕ್ಕೆ ಹೋದಾಗ, ಮುತ್ತ್ಯಾ, ಅಂದರೆ ಅಪ್ಪನ ಅಪ್ಪ, ಬರೆದ ಆಯಿಯ ಚಿತ್ರದಿಂದ ಸೀರೆಯ ಅಂಚಿನ ಎಂಟು ಫೋಟೋ ತೆಗೆದಿದ್ದೆ. ನೀಲಿ ಚೆಂದ ಬಂತೆಂದು ಅದನ್ನಷ್ಟೇ ತೆಗೆದು ಬಸ್ಸು ಹತ್ತಿದ್ದೆ.

"ನಿನಗ ಹ್ಯಾಂಗ ಗೊತ್ತಾತು ಆಯೀ?"

"ಒತ್ತಿ ಎತ್ಯಾನ ನೋಡು. ಮತ್ತ ಒತ್ತಿ ಎತ್ಯಾನ. ಎಳದಿಲ್ಲ."

ಮುತ್ತ್ಯಾ ಸೂರ್ಯಕಾಂತ ನಂದೂರಿನ ದಾಲ್ ಮಿಲ್ಲಿನಲ್ಲಿ ತೊಗರಿಬೇಳೆ ಚೀಲಗಳ ಮೇಲೆ ಮಾರ್ಕಾ ಬರೆಯುತ್ತಿದ್ದ. ಗೋಣಿಯ ಮೇಲೆ ಕುಂಚ ಎಳೆದರೆ ಬಣ್ಣ ಹರಡುತ್ತದೆ. ಒತ್ತಬೇಕು, ಎತ್ತಬೇಕು. ಆ ಕೈ ಹಾಗೇ ಕೂತುಬಿಟ್ಟಿತ್ತು. ಹೆಂಡತಿಯ ಚಿತ್ರ ಬರೆಯುವಾಗಲೂ ಅವನು ಚೀಲಕ್ಕೆ ಬರೆದಂತೆಯೇ ಬರೆದಿದ್ದ.

"ಎರಡು ವರ್ಷ ಆತು, ಆ ಚಿತ್ರ ನನಗ ಬರೀ ಬೆಳ್ಳಗ ಕಾಣ್ತದ" ಎಂದಳು ಆಯಿ. "ಹಿಂಗ ತುಣುಕು ತುಣುಕು ಮಾಡಿ ತೋರಿಸು. ಮಾರಿ ತೋರಿಸು, ಕೈ ತೋರಿಸು. ಆಮ್ಯಾಲ ಚಿತ್ರಾನೂ ತಂದು ನನ್ನ ಕೈಯಾಗ ಕೊಡು."

"ಆಯಿ ಆರ್ಡರ್ ಹಾಕ್ಯಾಳ. ಇನ್ನು ಕಮಲಾಪುರದ ಬಸ್ಸಿಗೆ ಬ್ರೇಕೇ ಇಲ್ಲ!" ಎಂದೆ. ಅವಳು ನಕ್ಕಳು. ನನ್ನ ಕಿವಿಗಳನ್ನು ನೋಡಿ ನಕ್ಕಿರಬೇಕು.

ಸಂತೆಯ ದಿನ ಕಮಲಾಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಿಂದಲೇ ಕೆಂಪು ಬಾಳೆಯ ವಾಸನೆ ಬೆನ್ನು ಹತ್ತಿತು. ಅತ್ತಿ ಚಿತ್ರವನ್ನು ಗೋಡೆಯಿಂದ ಇಳಿಸಿ ಕಟ್ಟೆಯ ಮೇಲೆ ಬಿಸಿಲಿಗಿಟ್ಟು, "ನಾ ಸಂತಿಗೆ ಹೋಗಿ ಬರ್ತೀನಿ, ನೀ ನಿನ್ನ ಸಿನೆಮಾ ತೆಗಿ" ಎಂದು ಚೀಲ ಹಿಡಿದು ಹೋದಳು.

ಹಾರ್ಡ್‌ಬೋರ್ಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಬರೆದ ಚಿತ್ರ. ಇಪ್ಪತ್ತು ವರ್ಷದ ಆಯಿ ಬಿಳಿ ಸೀರೆಯುಟ್ಟು ಕುಳಿತಿದ್ದಾಳೆ. ಮಡಿಲ ಮೇಲೆ ಹಾದು ಹೋದ ನೀಲಿ ಅಂಚು, ಎದೆಯ ಹತ್ತಿರ ಮಡಚಿದ ಎರಡು ಕೈ. ಲೆನ್ಸ್ ಸಿಕ್ಕಿಸಿ ಬಗ್ಗಿದೆ. ಕೆನ್ನೆ ತೊಗರಿ ಹೊಲದ ಮೇಲಿನ ಸಂಜೆಯಾಯಿತು. ಹುಬ್ಬು ದೂರದಲ್ಲಿ ಸಾಲಾಗಿ ಹಾರುವ ಹಕ್ಕಿಗಳಾಯಿತು. ಕಣ್ಣಿನ ಕಪ್ಪಿನಲ್ಲಿ ಕುಂಚದ ಒಂದು ಕೂದಲು ಉಳಿದು ಒಣಗಿತ್ತು, ಬಾವಿಯೊಳಗೆ ಇಳಿಬಿಟ್ಟ ಹಗ್ಗದಂತೆ. ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ, ನಾನು ಕಟ್ಟೆಯ ಮೇಲಿದ್ದೇನೋ ಆಯಿಯ ಹಣೆಯ ಮೇಲೆ ನಡೆಯುತ್ತಿದ್ದೇನೋ ಗೊತ್ತಾಗದಂತಾಯಿತು.

ಮಡಿಲಿಗೆ ಬಂದಾಗ ನೀಲಿಯ ಮೇಲೆ ಧೂಳು ಕಂಡಿತು. ಹಿಂದಿನ ಸಲಕ್ಕಿಂತ ಚೆಂದ ಬರಲಿ ಎಂದು ಕರವಸ್ತ್ರ ಒದ್ದೆ ಮಾಡಿ ಅಂಚಿನುದ್ದಕ್ಕೂ ಒಂದು ಸಲ ಎಳೆದೆ.

ಕರವಸ್ತ್ರ ನೀಲಿಯಾಯಿತು. ಅಂಚು ಹೋಗಿತ್ತು.

ಚಿತ್ರದ ಉಳಿದ ಬಣ್ಣವೆಲ್ಲ ಗಟ್ಟಿ ಎನಾಮೆಲ್. ನೀಲಿ ಮಾತ್ರ ಬಿಳಿ ಬಟ್ಟೆಗೆ ಹಾಕುವ ನೀಲಿಪುಡಿ. ಅದನ್ನು ಮುತ್ತ್ಯಾ ನೀರಲ್ಲಿ ಕಲೆಸಿ ಒಣಗಿದ ಎನಾಮೆಲ್ ಮೇಲೆ ಹಚ್ಚಿದ್ದ. ಸುಣ್ಣ ಬಳಿಯುವಾಗೆಲ್ಲ ಆಯಿ ಈ ಚಿತ್ರವನ್ನು ತಾನೇ ಮಡಿಲಲ್ಲಿಟ್ಟುಕೊಂಡು ಹೊರಗೆ ಕೂರುತ್ತಿದ್ದುದು, ಅತ್ತಿ ಒಣ ಅರಿವೆಯಿಂದಷ್ಟೇ ಧೂಳು ಜಾಡಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಅತ್ತಿ ಬರುವಷ್ಟರಲ್ಲಿ ಚಿತ್ರವನ್ನು ಚಾದರದಲ್ಲಿ ಸುತ್ತಿ ಕಟ್ಟಿಬಿಟ್ಟಿದ್ದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ತಲೆಯಲ್ಲಿ ಒಂದು ಪೂರ್ತಿ ಸಿನೆಮಾ ಓಡಿತು. ಕಿರಾಣಿ ಅಂಗಡಿಯಿಂದ ನೀಲಿ ತರುವುದು. ಎಂಟು ಫೋಟೋ ನೋಡಿಕೊಂಡು, ಒತ್ತಿ ಎತ್ತಿ, ಅಂಚು ಮರಳಿ ಬರೆಯುವುದು. ಆಯಿಗೆ ಹೇಗೂ ನಡು ಕಾಣುವುದಿಲ್ಲ. ಕ್ಲೈಮ್ಯಾಕ್ಸಿನಲ್ಲಿ ಹೀರೋ ಬಚಾವ್.

ಮನೆ ತಲುಪಿದಾಗ ಆಯಿ ಆಗಲೇ ಕ್ಯಾಲೆಂಡರಿಗೆ ಮುಖ ಮಾಡಿ ಕೂತಿದ್ದಳು. ಫೋಟೋ ಒಂದೊಂದಾಗಿ ಹಾಕಿದೆ. ಹಣೆ ಬಂತು, ಹುಬ್ಬು ಬಂತು. ಪರದೆಯ ತುಂಬ ಒಂದು ಕಣ್ಣು ತೆರೆದಾಗ ಆಯಿ ಉಸಿರು ಹಿಡಿದಳು.

"ಇದು ನಾನಾ?"

"ಮತ್ತ್ಯಾರು? ಈ ಕಣ್ಣು ನೋಡಿದ್ರ ಹೀರೋಯಿನ್‌ಗೋಳು ಕಮಲಾಪುರ ಬಸ್ ಸ್ಟ್ಯಾಂಡಿನಾಗ ಬಾಳೆಹಣ್ಣು ಮಾರ್ಬೇಕು!"

"ಸುಮ್ನ ಕೂಡು. ಹಣ್ಣು ನಾನs ಮಾರೀನಿ, ನನಗ ಗೊತ್ತದ" ಎಂದಳು. ದನಿ ಬೇರೆಯಾಗಿತ್ತು, ಎಲ್ಲೋ ಮೊಗ್ಗಿನೊಳಗಿಂದ ಬಂದಂತಿತ್ತು.

ನೀಲಿ ಅಂಚಿಗೆ ಹಳೆಯ ಎಂಟು ಫೋಟೋಗಳನ್ನೇ ಹಾಕಿದೆ. ಕೋಣೆಯೆಲ್ಲ ನೀಲಿಯಾಯಿತು, ಆಯಿಯ ಬಿಳಿಕೂದಲೂ, ಗೋಡೆಯೂ, ಅಕ್ಕನ ಕೈಯ ಚಹಾ ಕಪ್ಪೂ.

"ಇಂಥ ಸೀರಿ ನನ್ನ ಹತ್ರ ಯಾವತ್ತೂ ಇರಲಿಲ್ಲ" ಎಂದಳು ಆಯಿ. "ಬುದ್ಧ ವಿಹಾರಕ್ಕ ಹೋಗಾಗ ಎಲ್ಲಾರೂ ನೀಲಿ ಅಂಚಿಂದು ಉಡ್ತಿದ್ರು. ನಂದು ಬರೀ ಬಿಳೀದು. ಬರದು ಮುಗಿಸಿದ ಮರುದಿನ ನೋಡ್ತೀನಿ, ಅಂಚು ಹಚ್ಚ್ಯಾನ. 'ಇರಲಿ ಶೇವಂತಾ, ಮೊದ್ಲು ಚಿತ್ರಕ್ಕ ಬರಲಿ, ಆಮ್ಯಾಲ ಮನಿಗೆ ಬರ್ತದ' ಅಂದ. ಬರಲಿಲ್ಲ. ಅವನೂ ಹೋದ. ಆ ಸೀರಿ ಈ ಲೋಕದಾಗ ಇರೋದು ಅದೊಂದು ಹಲಗಿ ಮ್ಯಾಲ."

ಅಷ್ಟು ಹೇಳಿ ಎರಡೂ ಕೈ ಚಾಚಿದಳು. "ಈಗ ಚಿತ್ರ ಕೊಡು."

ಬಸ್ಸಿನಲ್ಲಿ ಓಡಿದ ಸಿನೆಮಾದ ರೀಲು ಅಲ್ಲಿಗೇ ಹರಿಯಿತು. ಆ ಸೀರೆಯನ್ನು ನಾನು ಒರೆಸಿ ಹಾಕಿದ್ದೆ. ಇನ್ನು ಕಿರಾಣಿ ಅಂಗಡಿಯ ನೀಲಿ ತಂದು ಮುತ್ತ್ಯಾನ ಕೈ ಆಗುವುದು ನನ್ನಿಂದ ಆಗುವಂತಿರಲಿಲ್ಲ.

"ಆಯೀ, ಅಂಚು ಹೋಗ್ಯದ. ಒದ್ದಿ ಕರವಸ್ತ್ರದಿಂದ ಒರಸಿದೆ. ಎಲ್ಲಾ ಹೋಗ್ಯದ."

ಆಯಿ ಬಿದ್ದು ಬಿದ್ದು ನಕ್ಕಳು. "ಹೋದ ವಾರ ಮಿಕ್ಸರ್ ಸ್ಫೋಟ ಆಗ್ಯದ ಅಂದಿದ್ದಿ, ನಾ ಅಂಗಳದ ತನ ಓಡಿದ್ದೆ."

"ಇದು ಮಶ್ಕಿರಿ ಅಲ್ಲ."

"ಅಂದೂ ಹಿಂಗs ಅಂದಿದ್ದಿ" ಎಂದಳು ಸಪ್ನಾ.

ಕಿಸೆಯಿಂದ ಕರವಸ್ತ್ರ ತೆಗೆದು ಆಯಿಯ ಕೈಗಿಟ್ಟೆ. ಅವಳು ಅದನ್ನು ಕಣ್ಣಿನ ಬದಿಗೆ ಹಿಡಿದಳು. ಮೂಸಿದಳು. ಬೆರಳಿಗೆ ಹತ್ತಿದ ನೀಲಿಯನ್ನು ಇನ್ನೊಂದು ಬೆರಳಿಂದ ಸವರಿದಳು. ನಗು ನಿಂತಿತು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗಿಟ್ಟುಕೊಂಡು, ಚಿತ್ರವನ್ನು ನೋಡದೆಯೇ ಒಳಗೆ ಹೋಗಿ ಮಲಗಿದಳು.

ಎರಡು ದಿನ ಮಾತಿಲ್ಲ. ಕಣ್ಣಿಗೆ ಔಷಧ ಹಾಕಲು ನಾನು ಹೋದರೆ, ಸಪ್ನಾಳನ್ನು ಕರೆ ಎಂದು ಕೈ ಸನ್ನೆ ಮಾಡುತ್ತಿದ್ದಳು. ನನ್ನಲ್ಲಿ ಸಾವಿರ ಡೈಲಾಗುಗಳಿದ್ದವು. ಒಂದೂ ಆ ಕೋಣೆಯ ಹೊಸ್ತಿಲು ದಾಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅವಳೇ ಕರೆದಳು.

"ಒರಸಿದ ಜಾಗ ಹ್ಯಾಂಗದ, ಅದನ್ನೂ ತೆಗದು ತೋರಿಸು."

"ಬ್ಯಾಡ ಆಯೀ."

"ಒರಸಾಗ ನನ್ನ ಕೇಳಿದ್ದೇನು?"

ಚಾದರ ಬಿಚ್ಚಿದೆ. ಕಿಟಕಿಯ ಬೆಳಕಿಗಿಟ್ಟು, ಅಂಚು ಇದ್ದ ಜಾಗದ ಮೇಲೆ ಲೆನ್ಸ್ ಹಿಡಿದೆ. ಟೀವಿಯಲ್ಲಿ ಮೊದಲು ಬರೀ ಬಿಳುಪು ಕಂಡಿತು, ಕೊನೆಯಿಲ್ಲದ ಬಯಲು. ಅಲ್ಲಲ್ಲಿ ಒಂದೊಂದು ನೀಲಿ ಚುಕ್ಕೆ, ಬೆಳಗಾದ ಮೇಲೂ ಹೋಗದೆ ಉಳಿದ ನಕ್ಷತ್ರದಂತೆ. ಎರಡನೆಯ ಫೋಟೋದಲ್ಲಿ ಮೊಣಕಾಲಿನ ಹತ್ತಿರ ಬಂದೆ. ಅಲ್ಲಿ ಬಿಳುಪಿನೊಳಗೆ ಇನ್ನೊಂದು ಬಿಳುಪಿತ್ತು, ತುಸು ಹಳದಿ, ಅಂಗೈಯಷ್ಟು ಚೌಕ. ಅದರ ನಾಲ್ಕೂ ಬದಿಗೆ ಕಂದು ಬಣ್ಣದ ಪುಟ್ಟ ಗೆರೆಗಳು. ಒತ್ತಿ ಎತ್ತಿದ್ದು, ಒತ್ತಿ ಎತ್ತಿದ್ದು. ಇದು ನೀಲಿಪುಡಿಯಲ್ಲ, ಗಟ್ಟಿ ಎನಾಮೆಲ್. ನನ್ನ ಕರವಸ್ತ್ರಕ್ಕೆ ಅಲುಗಿರಲಿಲ್ಲ.

"ಇದೇನಿದು, ಕಿಟಕಿ ಬರ್ದಾನೇನು?" ಎಂದೆ.

ಆಯಿ ಕ್ಯಾಲೆಂಡರ್ ಕಡೆ ಮುಖ ತಿರುಗಿಸಿ, ಕಣ್ಣಿನ ಬದಿಯಿಂದ ಆ ಚೌಕವನ್ನು ನೋಡಿದಳು.

"ತ್ಯಾಪಿ" ಎಂದಳು. "ಸೀರಿ ಹರದಲ್ಲಿ ಹಚ್ಚಿದ್ದ ತ್ಯಾಪಿ. ದಾರ ಬಿಳೀದು ಸಿಗಲಿಲ್ಲ, ಗೋಣಿ ದಾರದಾಗ ಹೊಲಿದಿದ್ದೆ."

"ಮುತ್ತ್ಯಾಗ ಗೊತ್ತಿತ್ತಾ?"

"ಇಲ್ಲ ಅಂತ ತಿಳಿದಿದ್ದೆ. ಅವ ಬರಿಯೋ ತನ ಅದರ ಮ್ಯಾಲ ಕೈ ಅಡ್ಡ ಇಟ್ಕೊಂಡs ಕುಂತಿದ್ದೆ. ಚಿತ್ರದಾಗ ಕೈ ಎದಿ ಹತ್ರ ಬರ್ದಾನ, ಯಾಕಂತ ಕೇಳಿದ್ರ ಮಡಚಿದ ಕೈ ಛಂದ ಅಂದ." ಪರದೆಯ ಕಡೆ ಬೆರಳು ಮಾಡಿ ಹೇಳಿದಳು, "ಮೊದ್ಲು ಖರೇ ಇದ್ದದ್ದು ಬರ್ದಾನ. ಎಷ್ಟು ಹೊಲಿಗಿ ಅಂತನೂ ಎಣಿಸ್ಯಾನ. ಆಮ್ಯಾಲ ನನಗ ಕೆಟ್ಟ ಅನಿಸ್ತದಂತ ಮ್ಯಾಲ ಅಂಚು ಹಚ್ಚಿ ಮುಚ್ಯಾನ. ಒಂದು ಮಾತು ಆಡಿಲ್ಲ ನೋಡು, ಕಳ್ಳ."

"ಆಯೀ, ನನಗ ಮಾಫ್ ಮಾಡ್ದಿ?" ಮೆಲ್ಲಗೆ ಕೇಳಿದೆ.

"ನೀಲಿ ತಿರುಗಿ ಬರ್ತದೇನು? ಮಾಫಿ ಎಲ್ಲಿಂದ ಬರ್ಬೇಕು?" ಎಂದಳು. ಆದರೆ ಈ ಸಲ ನನ್ನ ಕಿವಿಯ ಬದಿಗೆ ಮುಖ ತಿರುಗಿಸಿ, ಅಂದರೆ ನನ್ನನ್ನೇ ನೋಡಿ ಹೇಳಿದಳು. "ಇನ್ನೂ ಹತ್ರ ಹೋಗು."

ಹತ್ತಿರ ಹೋದೆ. ಒಂದೇ ಒಂದು ಹೊಲಿಗೆ ಪರದೆಯ ಈ ತುದಿಯಿಂದ ಆ ತುದಿಗೆ ಮಲಗಿತು, ಉತ್ತ ಹೊಲದ ಒಂದು ಸಾಲಿನಂತೆ. ಆಯಿಯ ಕೈ ತನಗೆ ತಾನೇ ಅವಳ ಮೊಣಕಾಲಿನ ಮೇಲೆ ಹೋಗಿ ಮುಚ್ಚಿ ಕೂತಿತ್ತು. ಅವಳು ಅದನ್ನು ಒಂದು ಗಳಿಗೆ ಹಾಗೇ ಇಟ್ಟು, ಆಮೇಲೆ ಮೆಲ್ಲಗೆ ತೆಗೆದಳು.