ವಾರದ ಮನೆಯಲ್ಲಿ ಹಾಲು ಉಕ್ಕಿದ್ದು

ಕೆಲಸಕ್ಕೆಂದು ಬಂದಿದ್ದ ಉತ್ತರದ ಪೀತಮ್‌ಪುರದಲ್ಲಿ ಬಾಡಿಗೆ ಮನೆ ಹುಡುಕಿ ಹುಡುಕಿ ನನ್ನ ತಲೆ ಕೆಟ್ಟಿತ್ತು. ಖಾಲಿ ಮನೆಗಳೇನೋ ಬೇಕಾದಷ್ಟಿದ್ದವು. ಆದರೆ ಎಲ್ಲವೂ ಆ್ಯಪ್‌ನಲ್ಲಿ, ದಿನದ ಲೆಕ್ಕದಲ್ಲಿ, ಪ್ರವಾಸಿಗರಿಗೆ. ನಾನಿದ್ದ ಮನೆಯೂ ಹಾಗೆಯೇ ಕೈತಪ್ಪಿತ್ತು. ತಿಂಗಳ ಬಾಡಿಗೆಗೆ ಉಳಿದಿದ್ದ ಒಂದೆರಡಕ್ಕೆ ನನ್ನ ಸಂಬಳ ಪೂರ್ತಿ ಸುರಿಯಬೇಕಿತ್ತು. ಅಷ್ಟರಲ್ಲಿ ನನ್ನ ಜೊತೆ ಇರಲೆಂದು ಅಮ್ಮ ತುಮಕೂರಿನಿಂದ ಬಂದಿಳಿದಳು. ಬೇರೆ ದಾರಿಯಿಲ್ಲದೆ ನಾನೂ ಪ್ರವಾಸಿಯ ಹಾಗೆ ಒಂದು ವಾರಕ್ಕೆ ಮನೆ ಬುಕ್ ಮಾಡಿದೆ. ಅಷ್ಟರೊಳಗೆ ಇನ್ನೊಂದು ಸಿಗದಿದ್ದರೆ ಅಮ್ಮ ವಾಪಸ್ ಊರಿಗೆ, ನಾನು ಯಾವುದೋ ಪಿಜಿಗೆ.

ಒಳಗೆ ಕಾಲಿಟ್ಟವಳೇ ಅಮ್ಮ ಹಾಲು ತರಿಸಿದಳು.

“ಅಮ್ಮಾ, ಇದು ವಾರದ ಮನೆ. ಇದಕ್ಕೆ ಗೃಹಪ್ರವೇಶ ಬೇರೆ ಕೇಡು!” ಎಂದು ರೇಗಿದೆ.

“ಒಲೆ ಇದೆ, ಬಾಗಿಲಿದೆ. ಹಾಲುಕ್ಕಿಸದೆ ನಾನು ಒಂದು ಲೋಟ ನೀರೂ ಕುಡಿಯಲ್ಲ. ಸುಮ್ನಿರೇ ಹರ್ಷಿಣಿ.”

ಇಂಡಕ್ಷನ್ ಒಲೆಯನ್ನು ಪೂರ್ವಕ್ಕೆ ತಿರುಗಿಸಿ, ಅರಿಶಿನ ಕುಂಕುಮ ಹಚ್ಚಿ, ಪಾತ್ರೆಯಿಟ್ಟು ಕೈಮುಗಿದು ನಿಂತಳು. ಹಾಲು ಧಾರಾಳವಾಗಿಯೇ ಉಕ್ಕಿತು. ಒಲೆ ಕೀ ಕೀ ಎಂದು ಕಿರುಚಿ ಆರಿಹೋಯಿತು.

ಮಹಡಿಯ ಮೇಲಿದ್ದ ಮನೆಯೊಡತಿ ಕಮಲೇಶ್ ಆಂಟಿ ಮಂಡಿನೋವು ಮರೆತು ಓಡಿಬಂದರು. “ಅರೇ, ಯೇ ಕ್ಯಾ ಕರ್ ದಿಯಾ? ಇದೇನು ಮಾಡಿಟ್ರಿ?”

ಈ ವಾರವೂ ಹೋಯಿತಲ್ಲ ಎಂದುಕೊಳ್ಳುತ್ತಲೇ, ಹೊಸ ಮನೆಗೆ ಬಂದಾಗ ಹಾಲುಕ್ಕಿಸುವುದು ನಮ್ಮ ಪದ್ಧತಿ ಎಂದು ಹಿಂದಿಯಲ್ಲಿ ತಡವರಿಸಿದೆ.

“ಹೊಸ ಮನೆಯಾ? ನೀವು ಗೆಸ್ಟ್ ಅಲ್ವಾ, ವಾರಕ್ಕೆ ಹೋಗೋರು?” ಎಂದರು ಆಂಟಿ.

ಅಮ್ಮ ತನಗೆ ಬರುವ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ ಕೇಳಿದಳು. “ಘರ್ ಹೈ ನಾ?” ಮನೆ ತಾನೇ ಇದು ಎಂದು.

ಆಂಟಿ ಬಟ್ಟೆ ತಂದು ಒಲೆ ಒರೆಸಿ ಮತ್ತೆ ಹಚ್ಚಿಕೊಟ್ಟರು. ಉಳಿದ ಹಾಲಿಗೆ ಶಾವಿಗೆ ಹಾಕಿ ಅಮ್ಮ ಪಾಯಸ ಮಾಡಿದಳು. ಎರಡೆರಡು ಸಲ ಬಡಿಸಿಕೊಂಡ ಆಂಟಿ ತಿನ್ನುತ್ತಲೇ ಗೋಳು ತೋಡಿಕೊಂಡರು. ದಿನಕ್ಕೊಂದು ಮುಖ, ಒಗೆದಷ್ಟೂ ಮುಗಿಯದ ಹೊದಿಕೆಗಳು. ರಾತ್ರಿ ಮಂಡಿ ಹಿಡಿದುಕೊಂಡರೆ ಕೂಗಿ ಕರೆಯೋಣವೆಂದರೆ ಕೆಳಗಿರುವವರ ಹೆಸರೂ ಗೊತ್ತಿರುವುದಿಲ್ಲ.

ಸಂಜೆ ಮೊಬೈಲ್ ಹಿಡಿದು ಮತ್ತೆ ಇಳಿದುಬಂದರು. “ತಿಂಗಳ ಬಾಡಿಗೆಗೆ ಇರ್ತೀಯಾ ಬೇಟಾ? ಆ್ಯಪ್‌ಗೆ ಹಾಕೋ ಮೊದಲು ಇದ್ದವರು ಕೊಡ್ತಿದ್ದಷ್ಟು ಕೊಡು, ಸಾಕು.”

ನಾನು ಕುಣಿಯುವುದೊಂದು ಬಾಕಿ. ಅಮ್ಮನನ್ನು ಬಾಚಿ ತಬ್ಬಿಕೊಂಡೆ.

“ಚಲೋ, ಇದನ್ನ ತೆಗೆದುಹಾಕು. ನನಗೆ ಬರಲ್ಲ,” ಎಂದು ಆಂಟಿ ಮೊಬೈಲ್ ನನ್ನ ಕೈಗಿತ್ತರು. ಮನೆಯನ್ನು ಪಟ್ಟಿಯಿಂದ ತೆಗೆಯಲು ಕಾರಣ ಬರೆಯಿರಿ ಎಂದಿತು ಆ್ಯಪ್. ಏನು ಬರೆಯುವುದೆಂದು ತೋಚದೆ ಅಮ್ಮನನ್ನು ಕೇಳಿದೆ.

“ಅದಕ್ಕೇನು ಅಷ್ಟೊಂದು ಯೋಚನೆ?” ಎಂದಳು ಅಮ್ಮ. “ಮನೇಲಿ ಜನ ಇದ್ದಾರೆ ಅಂತ ಬರಿ.”