ಮೂರು ಮಾತಿನಲ್ಲಿ ಒಂದು

"ಇವನ ತಲ್ಯಾಗ ಬರೇ ಮಣ್ಣ ತುಂಬೇತ್ರಿ ಮೇಡಂ. ಇಂಥಾವ್ರಿಗೆ ಸಾಲಿ ಯಾಕ್ರಿ? ಎಮ್ಮಿ ಹಿಂದ ಅಡ್ಡಾಡಾಕ ಹೇಳ್ರಿ."

ನಾನು ಕೇಳಿದ ಮೊದಲ ಮನುಷ್ಯದನಿ ಇದು. ನಾನು ಒಂದು ರೆಕಾರ್ಡರ್. ಮಾತನ್ನು ಹಿಡಿದಿಡುವ, ಅಂಗೈಯಲ್ಲಿ ಕೂರುವ ಯಂತ್ರ. ಯಾವುದೋ ದೇಶದ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರಂತೆ. ಅಲ್ಲಿ ಯಾರೂ ನನ್ನೆದುರು ಮಾತಾಡಲಿಲ್ಲ. ಹಾಗಾಗಿ ನಾನು ಹುಟ್ಟಿದ್ದು ಆ ಹಳ್ಳಿ ಸಾಲಿಯ ಏಳನೇ ಕ್ಲಾಸಿನಲ್ಲೇ ಎಂದು ಹೇಳುತ್ತೇನೆ. ಹೆಡ್‌ಮಾಸ್ತರರು ಹಾಗೆಂದಾಗ ಇಡೀ ಕ್ಲಾಸು ನಕ್ಕಿತು. ಆ ನಗುವೂ ನನ್ನೊಳಗಿದೆ. ನಗದೆ ನಿಂತವನು ಒಬ್ಬನೇ, ಬೈಸಿಕೊಂಡ ಯಮನೂರ.

ನನ್ನ ಒಡತಿ ಡಾ. ಗಂಗಾಂಬಿಕಾ ಕೌಜಲಗಿ, ವಿಶ್ವವಿದ್ಯಾಲಯದ ಶಿಕ್ಷಣ ಸಂಶೋಧಕಿ. ಮಕ್ಕಳು ಸಾಲಿ ಯಾಕೆ ಬಿಡುತ್ತಾರೆ ಎಂದು ತಿಳಿಯಲು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಕೆಟ್ಟವರಲ್ಲ. ಯಮನೂರನನ್ನು ನೀರಿನ ಟಾಕಿಯ ನೆರಳಿಗೆ ಕರೆದೊಯ್ದು, ಬಿಸ್ಕೀಟು ಕೊಟ್ಟು, ನನ್ನ ಕೆಂಪು ಗುಂಡಿ ಒತ್ತಿ ಅವನ ಬಾಯಿಯ ಹತ್ತಿರ ಹಿಡಿದರು. ಬಿಸ್ಕೀಟು ಅವನ ಕೈಯಲ್ಲೇ ಪುಡಿಯಾಯಿತು. ಮಾತು ಮಾತ್ರ ಗಟ್ಟಿಯಾಗಿ ಬಂತು, ಒಂದೊಂದು ಅಕ್ಷರವನ್ನೂ ಒತ್ತಿ ಹೇಳಿದ.

"ನನಗ ಸಾಲಿ ಬ್ಯಾಡ್ರಿ. ಹಿಂಗ ಎಲ್ಲಾರ ಮುಂದ ಮಾನಾ ಕಳಿಯೋ ಸಾಲಿ ಬ್ಯಾಡ. ಬ್ಯಾರೇ ಸಾಲಿ ಇದ್ರ ಹೇಳ್ರಿ, ನಾಳೆನ ಬರತೇನಿ."

ಮೂರು ಮಾತು. ಮೂರನ್ನೂ ಹಿಡಿದುಕೊಂಡೆ. ನನಗೆ ಬರುವುದು ಅದೊಂದೇ ಕೆಲಸ.

ಮೇಡಮ್ಮರು ಮೊದಲನೆಯದನ್ನಷ್ಟೇ ಎತ್ತಿಕೊಂಡು ಲೇಖನಕ್ಕೆ ಹೆಸರಿಟ್ಟರು: 'ನನಗ ಸಾಲಿ ಬ್ಯಾಡ: ಹಳ್ಳಿ ಮಕ್ಕಳ ಕಲಿಕೆಯ ನಿರಾಸಕ್ತಿ'. ಅದಕ್ಕೂ ಮೊದಲು ಅವರು ಬರೆದದ್ದನ್ನು ಯಾರೂ ಮೂಸಿ ನೋಡಿರಲಿಲ್ಲ. ಇದು ಮಾತ್ರ ಹಾರಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದಕ್ಕೆ ಉಲ್ಲೇಖ ಎನ್ನುತ್ತಾರೆ. ಉಲ್ಲೇಖ ಏರಿದಷ್ಟೂ ಬರೆದವರ ತೂಕ ಏರುತ್ತದೆ. ದಿಲ್ಲಿಯವರು ಹೆಸರಿಸಿದರು. ಅವರನ್ನು ನೋಡಿ ಲಂಡನ್ನಿನವರು, ಲಂಡನ್ನಿನವರನ್ನು ನೋಡಿ ಮತ್ತೆ ದಿಲ್ಲಿಯವರು. ಎಲ್ಲರೂ ಬರೆದದ್ದು ಒಂದೇ: ಹುಡುಗನಿಗೆ ಓದು ಬೇಡವಾಗಿತ್ತು. ನನ್ನನ್ನು ಕೇಳಿ ನೋಡಿದವರು ಒಬ್ಬರೂ ಇಲ್ಲ. ನನಗೆ ಬಾಯಿಯಿತ್ತು, ಗುಂಡಿ ಒತ್ತುವ ಬೆರಳು ಇರಲಿಲ್ಲ. ಅದೆಂಥ ಸಂಕಟ ಎಂದು ಮಾತು ನುಂಗಿಕೊಂಡು ಬದುಕಿದವರಿಗೆ ಗೊತ್ತು.

ಆಮೇಲೆ ಕೈ ಬದಲಾಯಿತು. ಮೇಡಮ್ಮರ ವಿದ್ಯಾರ್ಥಿನಿಯೊಬ್ಬಳು ನನ್ನಲ್ಲಿ ಪಾಠ ತುಂಬಿಕೊಂಡಳು. ಇನ್ನೊಬ್ಬ ಹುಡುಗ ತನ್ನ ಗೆಳತಿಗೆಂದು ಹಾಡು ಹಾಡಿದ, ಅದೂ ಅಪಸ್ವರದಲ್ಲಿ. ಹಳೆಯದನ್ನು ಮಾತ್ರ ಯಾರೂ ಅಳಿಸಲಿಲ್ಲ. ಮೊಬೈಲು ಬಂದ ಮೇಲೆ ಡ್ರಾಯರಿನ ಕತ್ತಲಿಗೆ ಬಿದ್ದೆ. ಕಡೆಗೆ ಬ್ಯಾಟರಿ ಸೆಲ್ಲು ಕಿತ್ತು, ಒರೆಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಖ್ಯಾತ ಸಂಶೋಧನೆಗೆ ಬಳಸಿದ ಯಂತ್ರ ಎಂದು ಚೀಟಿ ಅಂಟಿಸಿದರು. ಬಾಯಿ ಕಟ್ಟಿ ಮೆರವಣಿಗೆ ಮಾಡಿದ ಹಾಗೆ.

ಉಲ್ಲೇಖ ಸಾವಿರ ದಾಟಿದಾಗ ಮೇಡಮ್ಮರಿಗೆ ಸನ್ಮಾನ. ನನ್ನನ್ನೂ ವೇದಿಕೆಯ ಮೇಜಿನ ಮೇಲಿಟ್ಟರು. ಮೈಕಿನವನು ಬಂದು "ಹಲೋ, ಹಲೋ" ಎಂದ. ದನಿ ದಪ್ಪವಾಗಿತ್ತು, ಆದರೆ ಅಕ್ಷರ ಒತ್ತಿ ಹೇಳುವ ಆ ರೀತಿ ನನಗೆ ಮರೆತಿರಲಿಲ್ಲ. ಯಮನೂರ.

ಸ್ವಾಗತ ಭಾಷಣಕಾರರು ಲೇಖನದ ಹೆಸರು ಹೇಳಿ, ಟಾಕಿಯ ನೆರಳಿನ ಕಥೆ ಹೇಳಿ, ಆ ದಡ್ಡ ಈಗ ಎಲ್ಲಿ ಎಮ್ಮೆ ಕಾಯುತ್ತಿದ್ದಾನೋ, ನಮ್ಮ ಮೇಡಮ್ಮರನ್ನಂತೂ ಜಗತ್ತಿಗೆ ಮುಟ್ಟಿಸಿದ ಎಂದರು. ಸಭೆ ನಕ್ಕಿತು. ಅದೇ ನಗು.

ಯಮನೂರ ಮೂಲೆಯಿಂದ ಎದ್ದ. ಆತುರಪಡಲಿಲ್ಲ. ವೇದಿಕೆ ಹತ್ತಿ, ಕೈಯಲ್ಲಿದ್ದ ಕಾರ್ಡ್‌ಲೆಸ್ ಮೈಕಿನ ಪೆನ್ಸಿಲ್ ಸೆಲ್ಲು ಬಿಚ್ಚಿ ನನಗೆ ಹಾಕಿದ. ನನ್ನನ್ನು ಭಾಷಣದ ಮೈಕಿಗೆ ಹಿಡಿದು, ಹಿಡಿದಿಟ್ಟದ್ದನ್ನು ಕೇಳಿಸುವ ಗುಂಡಿ ಒತ್ತಿದ. ನನ್ನ ಇಡೀ ಬದುಕು ಕಾದದ್ದು ಆ ಬೆರಳಿಗೆ. ಮೊದಲು ಮಣ್ಣಿನ ಮಾತು ಹೋಯಿತು, ಆಮೇಲೆ ಕ್ಲಾಸಿನ ನಗು, ಆಮೇಲೆ ಮೂರೂ ಮಾತು, ಒಂದೂ ಬಿಡದೆ.

"ಉಳಿದ ಎರಡು ಎಲ್ಲಿ ಹ್ವಾದುವ್ರಿ ಮೇಡಂ?" ಎಂದ ಯಮನೂರ.

ಮೇಡಮ್ಮರು ಹಾರ ತೆಗೆದಿಟ್ಟು ಎದ್ದು ನಿಂತರು. ಸುಳ್ಳು ಹೇಳಲಿಲ್ಲ. "ಕೇಳಿದ್ದೆ. ಹೆಸರಿಗೆ ಒಂದು ಸಾಕು ಅನಿಸಿತಪಾ." ಅವನ ಕೈಯಿಂದ ನನ್ನನ್ನು ತೆಗೆದುಕೊಂಡರು. "ಈಗ ಹೊಸದಾಗಿ ಬರೀತೇನಿ, ನಿನ್ನ ಹೆಸರ ಹಾಕೇ ಬರೀತೇನಿ. ಸಾಲಿ ಬಿಟ್ಟ ಮ್ಯಾಲೆ ಏನಾತು, ಹೇಳು."

ಹೇಳುತ್ತಲೇ ಅವರ ಹೆಬ್ಬೆರಳು ರೂಢಿಯಂತೆ ಕೆಂಪು ಗುಂಡಿ ಒತ್ತಿತು. ನಾನು ಮತ್ತೆ ಅವನ ಬಾಯಿಯ ಹತ್ತಿರ.

ಈಗ ಗಾಜಿನ ಪೆಟ್ಟಿಗೆಯಲ್ಲೇ ಮುದಿಯಾಗುತ್ತಿದ್ದೇನೆ. ಅವನ ಸೆಲ್ಲು ಇನ್ನೂ ನನ್ನೊಳಗಿವೆ. ಕೀಳಲು ಯಾರಿಗೂ ಧೈರ್ಯ ಬಂದಿಲ್ಲ. ಮೇಡಮ್ಮರು ಮಾತ್ರ ಆಗಾಗ ಬಾಗಿಲು ಹಾಕಿಕೊಂಡು ಕೊನೆಯ ದಾಖಲೆ ಕೇಳುತ್ತಾರೆ. ಅದರಲ್ಲಿ ಉಲ್ಲೇಖಿಸಲು ಒಂದು ಅಕ್ಷರವೂ ಇಲ್ಲ. ಇರುವುದು ಒಂದು ದೀರ್ಘ ಉಸಿರು, ಆಮೇಲೆ ವೇದಿಕೆಯ ಮೆಟ್ಟಿಲಿಳಿದು, ಸಭೆಯ ನಡುವೆ ಹಾದು, ಎಲ್ಲೂ ನಿಲ್ಲದೆ ಬಾಗಿಲಾಚೆ ಹೋಗುವ ಅವನ ಚಪ್ಪಲಿಯ ಸಪ್ಪಳ.